ಕಣ್ಣು ಬಿಟ್ಟ ಅವ್ವ

ಆಗಸ್ಟ್ 17, ಭಾನುವಾರ

ಇಡ್ಲಿ ಬಾಯಿಗಿಡೋ ಹೊತ್ತಿಗೆ ಸರಿಯಾಗಿ ಫೋನು ಟಣ್ ಅಂತು. ತವರಿನವರ ವಾಟ್ಸಾಪ್ ಗುಂಪಲ್ಲಿ ಅಣ್ಣನ ಮಗಳು ದೀಪ ಒಂದು ಫೋಟೋ ಹಾಕಿದ್ದಾಳೆ. ಯಾವಳೋ ಹೆಂಗಸು. ಬೆಳ್ಳಗೆ, ಗುಂಡಗೆ, ಹಲ್ಲು ಬಿಟ್ಟುಕೊಂಡು ನಗ್ತಾ ಕೂತಿದ್ದಾಳೆ. ಜರಿ ಸೀರೆ, ಹಿಂದೆ ಗುಲಾಬಿ ತೋಟ. ಯಾವುದೋ ಧಾರಾವಾಹಿಯ ಅತ್ತೆ ಇರಬೇಕು ಅಂದ್ಕೊಂಡೆ. ಕೆಳಗೆ ಓದಿದರೆ ‘ನಮ್ಮ ಪ್ರೀತಿಯ ಅಜ್ಜಿ’ ಅಂತ ಬರೆದಿದೆ.

ದೀಪನ ಅಜ್ಜಿ ಅಂದರೆ ನಮ್ಮವ್ವ. ನನ್ನ ಹೆತ್ತವಳು. ಅವಳ ಮುಖ ನನಗೆ ಗೊತ್ತಿಲ್ವಾ?

ಅವ್ವ ಬದುಕಿರುವಾಗ ಒಂದು ದಿನವೂ ಕ್ಯಾಮೆರಾ ಮುಂದೆ ನಿಂತವಳಲ್ಲ. ನನ್ನ ಮದುವೇಲೂ ಫೋಟೋದವನು ಬಂದ ಅಂದರೆ ಅಡುಗೆಮನೆ ಸೇರಿಕೊಂಡಳು. ಅವಳದ್ದು ಅಂತ ಇರೋದು ಒಂದೇ ಫೋಟೋ, 1996ರಲ್ಲಿ ಅವಳು ತೀರಿಕೊಂಡ ದಿನ ತೆಗೆಸಿದ್ದು. ನಮ್ಮ ಕಡೆ ರೂಢಿಯಂತೆ ಮೈ ತೊಳೆದು, ವಿಭೂತಿ ಇಟ್ಟು, ಗೋಡೆಗೆ ಒರಗಿಸಿ ಕೂರಿಸಿದ್ದರು. ಮಣ್ಣಿಗೆ ಎತ್ತೋ ಮುಂಚೆ ಮನೆಯವರೆಲ್ಲ ಸುತ್ತ ನಿಂತು ತೆಗೆಸಿಕೊಂಡಿದ್ದು. ಅದರಲ್ಲಿ ಅವ್ವನ ಕಣ್ಣು ಮುಚ್ಚಿದೆ, ತುಟಿ ಬಿಗಿದಿದೆ, ಗದ್ದದ ಮೇಲೆ ಹಚ್ಚೆ ಬೊಟ್ಟಿದೆ. ಕೌದಳ್ಳಿಯಲ್ಲಿ ಅಣ್ಣನ ಮನೆ ಗೋಡೆ ಮೇಲೆ ಆವತ್ತಿಂದ ಇರೋದು ಅದೇ.

ಅದನ್ನ ಇಲ್ಲೇ ಕೊಳ್ಳೇಗಾಲದ ಸ್ಟುಡಿಯೋಗೆ ಕೊಟ್ಟು ಕಂಪ್ಯೂಟರಲ್ಲಿ ಕಣ್ಣು ಬಿಡಿಸಿದ್ದಾರೆ. ಹಲ್ಲು ಕೊಟ್ಟಿದ್ದಾರೆ. ಬೊಟ್ಟನ್ನ ಕಲೆ ಅಂದ್ಕೊಂಡು ಒರೆಸಿ ಹಾಕಿದ್ದಾರೆ. ಅಷ್ಟಕ್ಕೂ ಅವ್ವನಿಗೆ ಮುಂದಿನ ಎರಡು ಹಲ್ಲೇ ಇರಲಿಲ್ಲ.

ದೀಪಂಗೆ ಫೋನ್ ಮಾಡಿದೆ. ಈಗೆಲ್ಲರೂ ಹಿಂಗೇ ಮಾಡಿಸ್ತಾರೆ ಅತ್ತೆ, ಎಲ್ಲರೂ ಚೆನ್ನಾಗಿದೆ ಅಂತಿದ್ದಾರೆ, ನೀವೊಬ್ಬರೇ ಬಯ್ತಿರೋದು ಅಂದಳು. ಮಾಲಯ ಅಮಾಸೆಗೆ ಇದನ್ನೇ ಕಟ್ಟು ಹಾಕಿಸಿ, ಇದರ ಮುಂದೇನೇ ಎಡೆ ಇಡೋದಂತೆ. ಹಳೇದನ್ನ ಗೋಡೆಯಿಂದ ಇಳಿಸೋದಂತೆ. ಯಾರು ಹೇಳಿದ್ದು ಅಂತ ಕೇಳಿದೆ. ಅಮ್ಮ ಅಂದಳು.

ಅವಳ ಅಮ್ಮ ಅಂದರೆ ಅಣ್ಣನ ಹೆಂಡತಿ ಚಿಕ್ಕಬಸಮ್ಮ, ಹೂಗ್ಯ ಊರಿನವಳು. ಅವಳಿಗೆ ಆ ಫೋಟೋ ಬೇಡವಾಗಿರೋದರಲ್ಲಿ ಏನಾಶ್ಚರ್ಯ! ಅದರಲ್ಲಿ ಅಣ್ಣ ಇದ್ದಾನೆ, ನಾನಿದ್ದೀನಿ, ನಮ್ಮನೆಯವರಿದ್ದಾರೆ, ಅಕ್ಕಪಕ್ಕದವರಿದ್ದಾರೆ, ಯಾರೋ ದಾರೀಲಿ ಹೋಗ್ತಿದ್ದವನೂ ಕತ್ತು ತೂರಿಸಿದ್ದಾನೆ. ಇದ್ದ ಒಬ್ಬಳೇ ಸೊಸೆ ಇಲ್ಲ. ಅತ್ತೆ ಪಕ್ಕ ಒಂದು ಗಳಿಗೆ ನಿಲ್ಲೋಕಾಗಲಿಲ್ಲ ಮಹಾತಾಯಿಗೆ. ಇಪ್ಪತ್ತೊಂಬತ್ತು ವರ್ಷದಿಂದ ಇದು ನನ್ನ ಹೊಟ್ಟೇಲಿದೆ.

ಯಾರದೋ ಮುಖಕ್ಕೆ ನಮ್ಮವ್ವನ ಎಡೆ. ನಾನು ಬದುಕಿರೋವರೆಗೂ ಅದು ಆಗಲ್ಲ.

ಆಗಸ್ಟ್ 19, ಮಂಗಳವಾರ

ಸ್ಟುಡಿಯೋಗೆ ಹೋಗಿದ್ದೆ. ಹುಡುಗನ ಹೆಸರು ಮಣಿಕಂಠ. ಕುರ್ಚಿ ಹಾಕಿ, ನೀರು ಕೊಟ್ಟು, ಬಹಳ ಮರ್ಯಾದೆಯಿಂದ ಮಾತಾಡಿದ. ಅದಕ್ಕೇ ಇನ್ನೂ ಸಿಟ್ಟು ಬಂತು.

ಹಳೇ ಫೋಟೋ ಕಟ್ಟಿನ ಗಾಜಿಗೆ ಅಂಟಿಕೊಂಡುಬಿಟ್ಟಿದೆಯಂತೆ. ಬಿಡಿಸೋಕೆ ಆಗದೆ ಗಾಜಿನ ಮೇಲಿಂದಲೇ ಮೊಬೈಲಲ್ಲಿ ತೆಗೆದನಂತೆ. ಮಂಕಾಗಿ ಬಂತು, ಮಿಕ್ಕಿದ್ದನ್ನ ಕಂಪ್ಯೂಟರೇ ತುಂಬಿತು ಅಂದ. ತುಂಬಿತು ಅಂದರೇನು, ಅದೇನು ನಮ್ಮವ್ವನ್ನ ನೋಡಿತ್ತಾ ಅಂದೆ. ಕಣ್ಣು ಮುಚ್ಚಿರೋದನ್ನ ಈಗ ಯಾರೂ ಗೋಡೆಗೆ ಹಾಕಲ್ಲ ಮೇಡಂ, ಮನೇಲಿ ಮಕ್ಕಳಿರ್ತಾರೆ ಅಂದ.

ಇರೋದನ್ನ ಇರೋ ಹಂಗೇ ದೊಡ್ಡದಾಗಿ ಸ್ಪಷ್ಟವಾಗಿ ಮಾಡಿಕೊಡ್ತೀಯಾ ಅಂತ ಕೇಳಿದೆ. ಅದಕ್ಕೆ ಸ್ಕ್ಯಾನ್ ಮಾಡಬೇಕು, ನನ್ನ ಸ್ಕ್ಯಾನರ್ ಕೆಟ್ಟು ವರ್ಷವಾಯ್ತು ಅಂದ. ಬೇಕಾದರೆ ಫೋಟೋನ ನೀರಲ್ಲಿ ನೆನೆಸಿ ಗಾಜಿಂದ ಬಿಡಿಸಿಕೊಡ್ತೀನಿ, ಬಂದರೆ ಬಂತು ಅಂದ. ಬಂದರೆ ಬಂತಂತೆ! ಇರೋ ಒಂದು ಫೋಟೋನ ನೆನೆಹಾಕೋಕೆ ಅದೇನು ಹುರುಳಿಕಾಳಾ?

ನಾನೇ ಒಂದು ಸ್ಕ್ಯಾನರ್ ತಗೋತೀನಿ. ಯಳಂದೂರು ಹೈಸ್ಕೂಲಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವಳು ನಾನು. ಯಾವ ಮೆಷೀನಿಗೂ ಹೆದರಿದವಳಲ್ಲ.

ಆಗಸ್ಟ್ 21, ಗುರುವಾರ

ಸ್ಕ್ಯಾನರ್ ತಗೊಳ್ಳೋದು ಹೆಣ್ಣು ನೋಡೋದಕ್ಕಿಂತ ಕಷ್ಟ.

ಮೊದಲ ಅಂಗಡಿಯವನು ಪ್ರಿಂಟರ್ ತೋರಿಸಿದ. ಸ್ಕ್ಯಾನರ್ ಬೇಕಪ್ಪ ಅಂದರೆ ಇದರಲ್ಲೇ ಇದೆ ಮೇಡಂ, ಜೆರಾಕ್ಸೂ ಆಗುತ್ತೆ, ಆಧಾರ್ ಕಾರ್ಡ್ ಎಷ್ಟು ಚೆನ್ನಾಗಿ ಬರುತ್ತೆ ನೋಡಿ ಅಂತ ಅವನ ಆಧಾರ್ ಕಾರ್ಡ್ ತೆಗೆದು ತೋರಿಸಿದ. ಅವನ ಮುಖ ಅದರಲ್ಲಿ ಕರಿ ಕಲ್ಲಿನ ಹಂಗಿತ್ತು. ನಮ್ಮವ್ವನ್ನೂ ಹಿಂಗೇ ತೋರಿಸುತ್ತಾ ಅಂದೆ. ಕಾರ್ಡನ್ನ ಜೇಬಿಗೆ ಹಾಕ್ಕೊಂಡ.

ಎರಡನೇ ಅಂಗಡೀಲಿ ಇನ್ನೊಂದು ನಮೂನೆ. ಫೋಟೋನ ಮೇಲಿಂದ ತುರುಕಿದರೆ ರೋಲರುಗಳ ನಡುವೆ ಎಳಕೊಂಡು ಕೆಳಗೆ ಉಗುಳುತ್ತೆ. ಬಹಳ ಸ್ಪೀಡು ಅಂತ ಹೊಗಳಿದ. ಕಬ್ಬಿನ ಗಾಣಕ್ಕೆ ಕೊಟ್ಟ ಹಂಗೆ ಅವ್ವನ್ನ ಕೊಡಲಾ? ಅಲ್ಲಿಂದ ಎದ್ದು ಬಂದೆ.

ಮನೆಗೆ ಬಂದರೆ ನಮ್ಮನೆಯವರು ಸದಾಶಿವಪ್ಪನವರು ಪೇಪರಿಂದ ತಲೆ ಎತ್ತದೆ, ಮೊಬೈಲಲ್ಲೇ ಸ್ಕ್ಯಾನ್ ಮಾಡೋ ಆಪ್ ಇದೆಯಂತಲ್ಲ ಅಂದರು. ಗಾಜು ಹಾಕಿರೋ ಫೋಟೋನ ಮೊಬೈಲಲ್ಲಿ ತೆಗೆದರೆ ಟ್ಯೂಬ್‌ಲೈಟೂ ನನ್ನ ಮೂಗೂ ಬರುತ್ತೆ, ಅವ್ವ ಬರಲ್ಲ ಅಂತ ತೋರಿಸಿಕೊಟ್ಟೆ. ರೇಷ್ಮೆ ಇಲಾಖೇಲಿ ಇಷ್ಟು ವರ್ಷ ಹುಳ ಎಣಿಸಿದ್ದು ಸಾಕು, ನನಗೆ ಬುದ್ಧಿ ಹೇಳಬೇಡಿ ಅಂದೆ. ಅವರು ಪೇಪರ್ ಒಳಗೇ ನಕ್ಕರು ಅಂತ ಕಾಣುತ್ತೆ.

ಆಗಸ್ಟ್ 24, ಭಾನುವಾರ

ಮೂರು ದಿನದಿಂದ ಓದಿದ್ದೇ ಓದಿದ್ದು, ವಿಡಿಯೋ ನೋಡಿದ್ದೇ ನೋಡಿದ್ದು. ಈಗ ನನಗೆ ಗೊತ್ತಾಗಿರೋದನ್ನ ಬರೆದಿಡ್ತೀನಿ, ಮರೆತರೆ ಕಷ್ಟ.

ಗಾಜಿಗೆ ಅಂಟಿದ ಫೋಟೋನ ಬಿಡಿಸಲೇಬಾರದು. ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಮಗುಚಿ ಮಲಗಿಸಬೇಕು. ಆದರೆ ತೆಳ್ಳಗೆ ಚೆನ್ನಾಗಿ ಕಾಣೋ ಸ್ಕ್ಯಾನರುಗಳಿಗೆ ದೃಷ್ಟಿ ಸಾಲದು. ಫೋಟೋ ಒಂದು ಕಡ್ಡಿಯಷ್ಟು ಮೇಲಿದ್ದರೂ ಅವಕ್ಕೆ ಮಂಜು ಮಂಜು. ಒಳಗೆ ಕನ್ನಡಿ, ಮಸೂರ ಇರೋ ದಪ್ಪ ನಮೂನೆಯದಾದರೆ ಗಾಜಿನ ಆಚೆಗಿರೋದನ್ನೂ ನೋಡುತ್ತೆ. ನನಗೆ ಬೇಕಾಗಿರೋದು ಅದು. ಎರಡೂ ಅಂಗಡಿಯವರಿಗೆ ಈ ವಿಷಯ ಗೊತ್ತಿರಲಿಲ್ಲ, ಮಾರೋಕೆ ಕೂತಿದ್ದಾರೆ.

ಇನ್ನೊಂದು ಮೋಸ ಇದೆ. ಡಬ್ಬದ ಮೇಲೆ ದೊಡ್ಡ ದೊಡ್ಡ ಡಿಪಿಐ, ಅಂದರೆ ಅಂಗುಲಕ್ಕೆ ಎಷ್ಟು ಚುಕ್ಕಿ ನೋಡುತ್ತೆ ಅನ್ನೋ ಲೆಕ್ಕ, ಬರೆದಿರ್ತಾರೆ. ಅದರಲ್ಲಿ ಮೆಷೀನು ನಿಜವಾಗಿ ನೋಡೋದು ಸ್ವಲ್ಪ, ಮಿಕ್ಕಿದ್ದನ್ನ ತಾನೇ ಊಹೆ ಮಾಡಿ ತುಂಬೋದಂತೆ. ಮತ್ತೆ ಅದೇ ಊಹೆ! ಲೋಕದಲ್ಲಿ ಇರೋದನ್ನ ಇರೋ ಹಂಗೆ ನೋಡೋ ಒಂದು ವಸ್ತುವೂ ಇಲ್ವಾ? ಹುಡುಕಿ ಹುಡುಕಿ, ನಿಜವಾಗಿ ನೋಡೋದು ಎಷ್ಟು ಅಂತ ಬರೆದಿರೋ ಒಂದನ್ನ ಆರ್ಡರ್ ಮಾಡಿದೆ.

ಆಗಸ್ಟ್ 26, ಮಂಗಳವಾರ. ಗೌರಿ ಹಬ್ಬ

ಅಣ್ಣ ಮಹದೇವಸ್ವಾಮಿ ಬಾಗಿನ ತಗೊಂಡು ಬಂದಿದ್ದ. ಬಸ್ಸಲ್ಲಿ ನಿಂತೇ ಬಂದನಂತೆ, ಮೊಣಕಾಲು ಹಿಡ್ಕೊಂಡು ಕೂತ. ಪಾಪ ಅನ್ನಿಸಿತು. ಆದರೂ ಬಿಡಲಿಲ್ಲ.

ಹಳೇ ಫೋಟೋ ಎಲ್ಲಿ ಅಂದೆ. ಮನೇಲದೆ ಅಂದ. ತಂದ್ಕೊಡು ಅಂದರೆ, ಅವಳು ಎಲ್ಲೋ ಎತ್ತಿಟ್ಟವಳೆ, ಕೇಳಿ ತರ್ತೀನಿ ಅಂದ. ಎತ್ತಿಡದೇ ಇನ್ನೇನು, ಅವಳಿಗೆ ಅವ್ವನ ಮುಖ ನೋಡಬಾರದು, ಆವತ್ತೂ ಪಕ್ಕದಲ್ಲಿ ನಿಲ್ಲಲಿಲ್ಲ, ಈವತ್ತೂ ಗೋಡೆ ಮೇಲೆ ಬೇಡ ಅಂದೆ. ಅಣ್ಣ ಕಾಫಿ ಲೋಟ ಕೆಳಗಿಟ್ಟ.

“ಆವತ್ತಿನ ವಿಚಾರ ನಿಂಗೊತ್ತಿಲ್ಲ ಬುಡು ಪುಟ್ಟಗೌರಿ,” ಅಂದ.

ನನಗೆ ಗೊತ್ತಿಲ್ಲದ್ದು ಏನಿದೆ? ನಾನೇ ಅಲ್ಲಿದ್ದೆ. ಫೋಟೋ ನೋಡಿದರೆ ಕುರುಡರಿಗೂ ಗೊತ್ತಾಗುತ್ತೆ. ಹೆಂಡತಿ ಪರ ವಹಿಸಿಕೊಂಡು ಬರೋನಿಗೆ ಹೋಳಿಗೆ ಯಾಕೆ ಬಡಿಸಬೇಕು ಅನ್ನಿಸಿತು. ಬಡಿಸಿದೆ, ಹಬ್ಬ ನೋಡಿ. ಬಾಗಿನದಲ್ಲಿ ಬಳೆ ನನ್ನ ಕೈಗೆ ಸರಿಯಾದ ಅಳತೆಯದೇ ಇತ್ತು. ಅಣ್ಣನೇ ತಂದಿರಬೇಕು.

ಸೆಪ್ಟೆಂಬರ್ 2, ಮಂಗಳವಾರ

ಸ್ಕ್ಯಾನರ್ ಬಂತು. ಗಾಜು ಚೂರು ಚೂರು. ಡಬ್ಬದ ಮೇಲೆ ‘ಜೋಪಾನ’ ಅಂತ ದೊಡ್ಡದಾಗಿ ಬರೆದಿದೆ, ಅದರ ಮೇಲೆ ಯಾರೋ ಬೂಟುಗಾಲು ಇಟ್ಟಿರೋ ಗುರುತೂ ಇದೆ. ವಾಪಸ್ ಮಾಡೋಕೆ ಫೋನ್ ಮಾಡಿದರೆ ಒಂದನ್ನ ಒತ್ತಿ, ಎರಡನ್ನ ಒತ್ತಿ ಅಂತಾನೆ ಇದೆ. ಬಾಯಿಗೆ ಬಂದ ಹಂಗೆ ಬೈದೆ. ಆ ಕಡೆ ಇದ್ದಿದ್ದು ರೆಕಾರ್ಡ್ ಮಾಡಿದ ಧ್ವನಿಯಂತೆ.

ಅಮಾಸೆ ಹತ್ತಿರ ಬರ್ತಾ ಇದೆ.

ಸೆಪ್ಟೆಂಬರ್ 9, ಮಂಗಳವಾರ

ಎರಡನೇದು ಬಂತು. ಗಾಜು ಸರಿಯಾಗಿದೆ.

ಪೆನ್ಷನ್ ನೋಡೋಕೆ ಇಟ್ಕೊಂಡಿರೋ ಲ್ಯಾಪ್‌ಟಾಪಿಗೆ ಸೇರಿಸಿ, ಪರೀಕ್ಷೆಗೆ ಅಂತ ನಮ್ಮ ಮದುವೆ ಫೋಟೋ ಇಟ್ಟೆ. ಬೆಳಕು ಮೆಲ್ಲಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯ್ತು. ನಮ್ಮನೆಯವರು ಪೇಪರ್ ಬಿಟ್ಟು ಬಂದು ನಿಂತರು. ಪರದೆ ಮೇಲೆ ಅವರ ಮೀಸೆಯ ಒಂದೊಂದು ಕೂದಲೂ ಬಂತು. ಅವರ ಜೇಬಲ್ಲಿ ಬೀಡಿ ಕಟ್ಟು ಇರೋದೂ ಬಂತು. ಮದುವೆ ದಿನ ಬೀಡಿ ಬಿಟ್ಟಿದ್ದೀನಿ ಅಂತ ನಮ್ಮಪ್ಪನ ಮುಂದೆ ಹೇಳಿದ್ದರಲ್ಲ, ಇದೇನು ಅಂದೆ. ಇಷ್ಟು ಚೆನ್ನಾಗಿರೋ ಮೆಷೀನು ಯಾಕೆ ತಂದೆ ಅಂತ ಹೊರಗೆ ಹೋದರು.

ಮೆಷೀನು ನಿಯತ್ತಿನದು. ನಾನು ಆರಿಸಿದ್ದು.

ಸೆಪ್ಟೆಂಬರ್ 12, ಶುಕ್ರವಾರ

ಅಣ್ಣ ಫೋಟೋ ತರೋ ಲಕ್ಷಣ ಕಾಣಲಿಲ್ಲ. ನಾನೇ ಹನೂರು ಮೇಲೆ ಬಸ್ ಹತ್ತಿ ಕೌದಳ್ಳಿಗೆ ಹೋದೆ. ಬೆಟ್ಟದ ದೇವರಿಗೆ ಹೋಗೋರ ಗಂಟುಮೂಟೆ ನಡುವೆ ಒಂದು ಕಾಲಲ್ಲಿ ನಿಂತಿದ್ದೆ. ಅರವತ್ತು ವರ್ಷದವಳು ಅಂತ ಒಬ್ಬನೂ ಎದ್ದು ಸೀಟು ಕೊಡಲಿಲ್ಲ.

ಚಿಕ್ಕಬಸಮ್ಮ ಒಳಗಿನ ಕೋಣೆಯಿಂದ ಫೋಟೋ ತಂದಳು. ಬಿಳಿ ಪಂಚೇಲಿ ಸುತ್ತಿ, ಮೇಲೊಂದು ಹಳೇ ಸೀರೆ ಸುತ್ತಿ, ಮಗು ಕೊಟ್ಟ ಹಂಗೆ ಎರಡು ಕೈಯಲ್ಲಿ ಕೊಟ್ಟಳು. ಎಸೆದಿರಬೇಕು, ನಾನು ಬಂದೆ ಅಂತ ಹುಡುಕಿ ಸುತ್ತಿದ್ದಾಳೆ ಅಂದ್ಕೊಂಡೆ. ಊಟಕ್ಕೆ ಎದ್ದೇಳು ಅಂದಳು. ಮಸೊಪ್ಪಿನ ವಾಸನೆ ಮನೆ ತುಂಬ ಇತ್ತು. ಹಸಿವಿಲ್ಲ ಅಂದೆ. ತವರಲ್ಲಿ ಉಣ್ಣದೆ ಬಂದಿದ್ದು ಇದೇ ಮೊದಲು. ಅವಳಿಗೆ ತಾಕಲಿ ಅಂತಲೇ ಹಂಗೆ ಮಾಡಿದ್ದು. ವಾಪಸ್ ಬರೋವಾಗ ಹನೂರು ಬಸ್‌ಸ್ಟ್ಯಾಂಡಲ್ಲಿ ಒಣಗಿದ ಬನ್ನು ತಿಂದೆ.

ಸೆಪ್ಟೆಂಬರ್ 13, ಶನಿವಾರ

ಬೆಳಿಗ್ಗೆ ತಿಂಡಿಯಾದ ಮೇಲೆ ಶುರು ಮಾಡಿದೆ. ಕಟ್ಟು ಬಿಚ್ಚಿ, ಗಾಜಿನ ಮೇಲೆ ವರ್ಷವರ್ಷಕ್ಕೂ ಇಟ್ಟ ಕುಂಕುಮ, ಊದುಬತ್ತಿ ಮಸಿ ಎಲ್ಲಾ ಒದ್ದೆ ಬಟ್ಟೇಲಿ ಮೆಲ್ಲಗೆ ಒರೆಸಿದೆ. ಗಾಜಿನ ಸಮೇತ ಮಗುಚಿ ಮಲಗಿಸಿದೆ. ಮುನ್ನೂರು ಡಿಪಿಐ ಸಾಕು ಅಂತ ಎಲ್ಲರೂ ಹೇಳ್ತಾರೆ. ನಾನು ಸಾವಿರದಿನ್ನೂರು ಇಟ್ಟೆ. ಗದ್ದದ ಬೊಟ್ಟನ್ನ ದೊಡ್ಡದಾಗಿ ಗುಂಪಲ್ಲಿ ಹಾಕಿ ಎಲ್ಲರ ಬಾಯಿ ಮುಚ್ಚಿಸಬೇಕಿತ್ತು.

ಬಂತು. ಅವ್ವ ಬಂದಳು.

ನನ್ನ ಮುಖದಷ್ಟೇ ದೊಡ್ಡ ಮುಖ. ಹಣೆ ಸುಕ್ಕು, ರೆಪ್ಪೆ, ತುಟಿ ಪಕ್ಕದ ಗೆರೆ. ಬೊಟ್ಟು ಹಸಿರಾಗಿ ಅಲ್ಲೇ ಇದೆ. ಅಳು ಬಂತು, ಅತ್ತುಬಿಟ್ಟೆ, ಯಾಕೆ ಅಳಬಾರದು. ಆಮೇಲೆ ಬೊಟ್ಟನ್ನ ಇನ್ನೂ ದೊಡ್ಡದು ಮಾಡಿ ಕತ್ತರಿಸೋಣ ಅಂತ ಗದ್ದದ ಕೆಳಕ್ಕೆ ಬಂದೆ.

ಸೆರಗಿನ ನೆರಳಲ್ಲಿ ಬೆರಳಿವೆ.

ಅವ್ವನದಲ್ಲ. ಅವ್ವನ ಕೈ ಎರಡೂ ತೊಡೆ ಮೇಲಿವೆ. ಇವು ಹಿಂದಿನಿಂದ ಬಂದು ಕಿವಿ ಕೆಳಗೆ ದವಡೆ ಹಿಡಿದಿವೆ. ಒತ್ತಿ ಹಿಡಿದಿರೋದಕ್ಕೆ ಉಗುರು ಬೆಳ್ಳಗಾಗಿವೆ. ಮಣಿಕಟ್ಟಲ್ಲಿ ಗಾಜಿನ ಬಳೆ. ಅವ್ವನ ಹಿಂದೆ ಜಮಖಾನ ಉಬ್ಬಿಕೊಂಡಿದೆ. ಇಷ್ಟು ವರ್ಷ ಅದು ದಿಂಬು ಅಂದ್ಕೊಂಡಿದ್ದೆ.

ನಿಂತಿರೋ ಹೆಂಗಸರ ಕೈಯೆಲ್ಲಾ ಕಾಣುತ್ತೆ. ಒಬ್ಬೊಬ್ಬರದೇ ನೋಡಿದೆ. ನನ್ನ ಕೈ ನನ್ನ ಬಾಯಿ ಮೇಲಿದೆ.

ಗುಂಪಲ್ಲಿ ಏನೂ ಹಾಕಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ನಮ್ಮನೆಯವರಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿ, ಹೂಂ, ಚಿಕ್ಕಬಸಮ್ಮ ಅಲ್ವಾ ಅಂದರು. ಊಟಕ್ಕೆ ಏನು ಅಂತ ಕೇಳೋ ಧ್ವನಿ.

ನಿಮಗೆ ಗೊತ್ತಿತ್ತಾ ಅಂದೆ. ನಾನಲ್ಲೇ ಪಕ್ಕದಲ್ಲಿ ನಿಂತಿದ್ದೆನಲ್ಲ ಅಂದರು. ಮತ್ತೆ ಇಷ್ಟು ವರ್ಷ ಅವಳನ್ನ ನಾನು ಆಡಿಕೊಂಡಾಗೆಲ್ಲ ಬಾಯಿಗೆ ಏನು ತುರುಕಿಕೊಂಡಿದ್ದಿರಿ ಅಂದೆ. ನಿನ್ನ ತವರಿನ ಮಾತು ಎತ್ತಿದರೆ ನೀನು ಯಾರಿಗೆ ಬಾಯಿ ಬಿಡೋಕೆ ಬಿಡ್ತೀಯೆ ಅಂದರು.

ಎಲ್ಲರಿಗೂ ಗೊತ್ತು. ಅಣ್ಣನಿಗೆ ಗೊತ್ತು, ಇವರಿಗೆ ಗೊತ್ತು, ದಾರೀಲಿ ಹೋಗ್ತಿದ್ದವನಿಗೂ ಗೊತ್ತಿರಬೇಕು. ಹೆತ್ತ ಮಗಳಿಗೆ ಮಾತ್ರ ಯಾರೂ ಹೇಳಬೇಕು ಅಂತಿಲ್ಲ. ಈವತ್ತು ಅಡುಗೆ ಮಾಡಲಿಲ್ಲ. ಅವರೇ ಉಪ್ಪಿಟ್ಟು ಮಾಡಿಕೊಂಡರು.

ಸೆಪ್ಟೆಂಬರ್ 16, ಮಂಗಳವಾರ

ಮತ್ತೆ ಕೌದಳ್ಳಿ. ಅಣ್ಣ ಹೊಲಕ್ಕೆ ಹೋಗಿದ್ದ, ದೀಪ ಕೆಲಸಕ್ಕೆ. ಅವಳೊಬ್ಬಳೇ ಒಲೆ ಮುಂದಿದ್ದಳು. ನಾನು ಚಪ್ಪಲಿ ಬಿಟ್ಟವಳೇ ಸ್ಕ್ಯಾನಿನ ಪ್ರಿಂಟ್ ತೆಗೆದು ಮುಂದಿಟ್ಟೆ. ಇದು ಯಾರ ಕೈ ಅಂದೆ.

ಸೆರಗಲ್ಲಿ ಕೈ ಒರೆಸಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

“ನಂದು,” ಅಂದಳು.

ಆಮೇಲೆ ಹೇಳಿದಳು. ಸತ್ತವರ ಬಾಯಿ ಬಿಡದೆ ಇರಲಿ, ಕತ್ತು ವಾಲದೆ ಇರಲಿ ಅಂತ ಗದ್ದಕ್ಕೆ ಬಟ್ಟೆ ಕಟ್ಟಿ ಗೋಡೆ ಮೊಳೆಗೆ ಬಿಗಿದಿರ್ತಾರಲ್ಲ, ಅವ್ವನಿಗೂ ಹಂಗೇ ಕಟ್ಟಿದ್ದರು. ಫೋಟೋದವನು ಬಂದಾಗ ನಾನು ಹಠ ಹಿಡಿದೆನಂತೆ. ಆ ಬಟ್ಟೆ ಬಿಚ್ರಿ, ನಮ್ಮವ್ವ ಬದುಕಿರೋರ ಹಂಗೆ ಕಾಣಬೇಕು ಅಂತ ನೆಲ ಗುದ್ದಿ ಅತ್ತೆನಂತೆ.

“ಬಿಚ್ಚುತ್ಲೂವೆ ಕತ್ತು ಎದೆ ಮ್ಯಾಕೆ ಬಿದ್ದೋಯ್ತು. ಯಾರಾರ ಇಂದ್ಗಡೆ ಕೂತು ಇಡ್ಕಳಿ ಅಂದ ಫೋಟೋದವ್ನು. ಗಂಡುಸ್ರೂ ಬರ್ನಿಲ್ಲ, ಎಂಗುಸ್ರೂ ಬರ್ನಿಲ್ಲ. ನಾನು ಗೋಡೆ ಸಂದೀಲಿ ಕೂತ್ಕಂಡು ಜಮಖಾನ ಮ್ಯಾಕೆ ಎಳಕಂಡೆ,” ಅಂದಳು.

ನಾನು ಹಂಗೆ ಹಠ ಹಿಡಿದಿದ್ದು ನನಗೆ ನೆನಪಿಲ್ಲ. ಆವತ್ತು ನನಗೆ ಮೈಮೇಲೆ ಜ್ಞಾನ ಇರಲಿಲ್ಲ. ಅದಿರಲಿ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ರೇಗಿದೆ. ಅವಳೂ ರೇಗಿದಳು. ಅತ್ತೆ ಕತ್ತ ನಾನು ಇಡ್ಕಂಡಿದ್ದೆ ಅಂತ ಊರೊಳಗೆ ಡಂಗುರ ಹೊಡೆಸಬೇಕಿತ್ತಾ, ನೀನು ಬರುವಾಗಲೂ ಮುಖ ಊದಿಸ್ಕೊಂಡು ಬರೋದು, ಹೋಗುವಾಗಲೂ ಊದಿಸ್ಕೊಂಡು ಹೋಗೋದು, ಯಾವಾಗ ಹೇಳಲಿ ಅಂದಳು. ಅವಳು ಎದುರುಮಾತಾಡಿದ್ದು ನಾನು ಕೇಳಿದ್ದು ಇದೇ ಮೊದಲು.

ಹಂಗಿದ್ದ ಮೇಲೆ ಆ ಫೋಟೋನ ಯಾಕೆ ಇಳಿಸ್ತಿದ್ದೀಯ, ನಿನ್ನ ಕೈ ಇರೋದು ಅದರಲ್ಲಲ್ವಾ, ಆ ಗುಲಾಬಿ ತೋಟದ ಹೆಂಗಸು ಯಾಕೆ ಬೇಕು ನಿಂಗೆ ಅಂತ ಕೇಳಿದೆ. ಅದಕ್ಕೆ ರೇಗಲಿಲ್ಲ. ಬಲಗೈನ ಎಡಗೈಯಲ್ಲಿ ಹಿಡ್ಕೊಂಡು ಕೂತಳು.

“ಆ ಪಟ ನೋಡ್ದಾಗ್ಲೆಲ್ಲ ಈ ಕೈಗೆ ಆ ಭಾರ ಬತ್ತದೆ ಗೌರವ್ವ. ಒಲೆ ಮುಂದೆ ಕೂತಿರ್ಲಿ, ಬಾಗ್ಲು ಸಾರುಸ್ತಿರ್ಲಿ, ಕಣ್ ಮ್ಯಾಕೆತ್ತುದ್ರೆ ಭಾರ. ಅತ್ತೆಮ್ಮ ಕಣ್ ಬುಟ್ಟಿರಾದ ಒಂದ ಆಕ್ಕಂಡ್ರೆ ಓಯ್ತದೇನೋ ಅಂದ್ಕಂಡೆ.”

ಇಷ್ಟು ದಿನ ಇದನ್ನೆಲ್ಲ ಒಬ್ಬಳೇ ಇಟ್ಕೊಂಡಿರೋಕೆ ನೀನ್ಯಾರು ಅಂತ ಬೈದೆ. ಬೈದು, ಮುದ್ದೆ ಮುರಿದೆ. ಅವಳು ಎರಡನೇ ಮುದ್ದೆ ಕೇಳದೇನೆ ಹಾಕಿದಳು. ಬೇಡ ಅನ್ನೋದಕ್ಕೂ ಬಿಡಲ್ಲ, ಅಷ್ಟು ಜೋರು.

ಸೆಪ್ಟೆಂಬರ್ 17, ಬುಧವಾರ

ಬೆಳಿಗ್ಗೆಯಿಂದ ಮಳೆ ಮೋಡ. ಒಂದು ದಿಂಬನ್ನ ಬಲಗೈಯಲ್ಲಿ ಎತ್ತಿ ಹಿಡ್ಕೊಂಡು ನೋಡಿದೆ. ಫೋಟೋದವನು ಎಷ್ಟು ಹೊತ್ತು ತಗೊಂಡನೋ ಅಂತ. ನಮ್ಮನೆಯವರು ಏನು ಮಾಡ್ತಿದ್ದೀಯ ಅಂದರು. ನಿಮಗ್ಯಾಕೆ ಅಂದೆ.

ಸೆಪ್ಟೆಂಬರ್ 21, ಭಾನುವಾರ. ಮಾಲಯ ಅಮಾಸೆ

ನಾವಿಬ್ಬರೂ ನಿನ್ನೇನೇ ಕೌದಳ್ಳಿಗೆ ಹೋಗಿದ್ದೆವು. ಅಮಾಸೆ ದಿನ ಬೆಟ್ಟದ ಬಸ್ಸಿಗೆ ಕಾಲಿಡೋಕಾಗಲ್ಲ.

ಗೋಡೆ ಮೇಲೆ ಗುಲಾಬಿ ತೋಟದ ಹೆಂಗಸೇ ಕೂತಿದ್ದಾಳೆ. ಕಟ್ಟು ಹಾಕಿಸಿ ಇನ್ನೂ ಬಿಗುವಾಗಿದ್ದಾಳೆ. ಎಷ್ಟು ನೋಡಿದರೂ ನನಗೆ ಸಮಾಧಾನ ಇಲ್ಲ. ಹಲ್ಲು 1996ರಲ್ಲಿ ಯಾವ ಡಾಕ್ಟರ್ ಕಟ್ಟಿಕೊಟ್ಟನಂತೆ? ಅಣ್ಣ ನನ್ನ ಮುಖ ನೋಡ್ತಾನೇ ಇದ್ದ, ನಾನು ಈಗ ಎಗರ್ತೀನಿ, ಆಗ ಎಗರ್ತೀನಿ ಅಂತ. ದೀಪ ಅಂತೂ ನಾನು ಒಳಗೆ ಬಂದರೆ ಹೊರಗೆ ಹೋಗ್ತಿದ್ದಳು.

ಎಡೆಗೆ ಮುಂಚೆ ಕಾಡಿಗೆ ಡಬ್ಬಿ ತಗೊಂಡು, ಸ್ಟೂಲ್ ಹತ್ತಿ, ಗಾಜಿನ ಮೇಲೆ ಗದ್ದದ ಹತ್ತಿರ ಬೊಟ್ಟು ಇಟ್ಟೆ. ಮೊದಲು ಇಟ್ಟಿದ್ದು ಎಡಕ್ಕೆ ಹೋಯ್ತು. ಕೆಳಗಿಂದ ಅತ್ತಿಗೆ, ಒಂಚೂರು ಈ ಕಡೀಕೆ, ಇನ್ನೊಂಚೂರು ಅಂತ ಹೇಳ್ತಾ ಇದ್ದಳು. ಸರಿಯಾದ ಜಾಗಕ್ಕೆ ಬಂದಾಗ ಸಾಕು ಅಂದಳು. ಕಣ್ಣು ಬಿಟ್ಟಿರೋ ಹೆಂಗಸು ಒಂದು ಗಳಿಗೆ ಅವ್ವನ ಅಕ್ಕತಂಗಿ ಯಾರಾದರೂ ಇದ್ದಿದ್ದರೆ ಹಿಂಗಿರ್ತಿದ್ದಳೇನೋ ಅನ್ನೋ ಹಂಗೆ ಕಂಡಳು. ಅಷ್ಟೇ, ಅದಕ್ಕಿಂತ ಹೆಚ್ಚು ಒಪ್ಪಲ್ಲ ನಾನು.

ಹೊಸ ಸೀರೆ ಇಟ್ಟು, ಕಜ್ಜಾಯ, ವಡೆ, ಪಾಯಸ ಬಡಿಸಿ ಎಡೆ ಇಟ್ಟೆವು. ವಡೆ ಕಲ್ಲಿನ ಹಂಗಿತ್ತು, ಅತ್ತಿಗೆಗೆ ಮುಖಕ್ಕೇ ಹೇಳಿದೆ. ಉದ್ದು ರುಬ್ಬಿದ್ದು ನೀನೇ ಅಲ್ವಾ ಅಂದಳು.

ಹಳೇ ಫೋಟೋ ನಮ್ಮನೇಲಿ ಇರಲಿ, ನಮ್ಮ ನಡುಮನೆಗೆ ಹಾಕ್ಕೋತೀನಿ ಅಂತ ಹೇಳಿ ಬಂದೆ. ಭಾರ ಹೊರೋದಕ್ಕೆ ಸರದಿ ಅಂತ ಒಂದಿಲ್ವಾ? ಅತ್ತಿಗೆ ಬಸ್ ಹತ್ತಿಸೋಕೆ ರಸ್ತೆವರೆಗೂ ಬಂದಳು.

ಸೆಪ್ಟೆಂಬರ್ 24, ಬುಧವಾರ

ಹಳೇ ಫೋಟೋದ ಸ್ಕ್ಯಾನ್‌ನ ಪೆನ್‌ಡ್ರೈವಿಗೆ ಹಾಕ್ಕೊಂಡು, ದೊಡ್ಡ ಪ್ರಿಂಟ್ ಹಾಕಿಸೋಕೆ ಮಣಿಕಂಠನ ಸ್ಟುಡಿಯೋಗೆ ಹೋದೆ. ಬೇರೆ ಕಡೆ ಹೋಗಬೇಕು ಅಂತಲೇ ಇದ್ದೆ, ಈ ಊರಲ್ಲಿ ಅಷ್ಟು ದೊಡ್ಡ ಪ್ರಿಂಟ್ ಹಾಕೋದು ಅವನೊಬ್ಬನೇ.

ಪರದೆ ಮೇಲೆ ತೆರೆದು ಬೆರಗಾದ. ಯಾವ ಸ್ಕ್ಯಾನರ್ ಮೇಡಂ, ಗಾಜಿನ ಮೇಲಿಂದಲೇ ಇಷ್ಟು ಚೆನ್ನಾಗಿ ಬಂದಿದೆಯಲ್ಲ ಅಂದ. ನನಗೂ ಒಂದು ಆರಿಸಿಕೊಡಿ ಅಂದ. ನೋಡೋಣ ಅಂದೆ. ಬಣ್ಣ ಒಂದು ಸ್ವಲ್ಪ ಎತ್ತಿದ, ಅದಕ್ಕೆ ನಾನು ಬೇಡ ಅನ್ನಲಿಲ್ಲ. ಆಮೇಲೆ ಗದ್ದದ ಹತ್ತಿರ ಬಂದು ನಿಂತ. ಇಲ್ಲೊಂದು ಕೈ ಬಂದುಬಿಟ್ಟಿದೆ ಮೇಡಂ, ಚೆನ್ನಾಗಿ ಕಾಣಲ್ಲ, ಒಂದೇ ನಿಮಿಷ, ಅಳಿಸಿಬಿಡ್ತೀನಿ, ಇದಕ್ಕೆ ದುಡ್ಡು ಬೇಡ ಅಂತ ಮೌಸ್ ಹಿಡ್ಕೊಂಡ.

ಅವನ ಕೈ ಮೇಲೆ ನಾನು ಕೈ ಇಟ್ಟುಬಿಟ್ಟೆ. ಅಂಗಡೀಲಿದ್ದವರೆಲ್ಲ ತಿರುಗಿ ನೋಡಿದರು.

“ಅದು ನಮ್ಮತ್ತಿಗೆ ಕೈ ಕಣಯ್ಯ. ತೆಗೆದರೆ ಅವ್ವನ ಕತ್ತು ಬಿದ್ದೋಗುತ್ತೆ,” ಅಂದೆ.